ಕರ್ನಲ್ ಒಳಗೆ ಮಳೆ

ಕೊಡಗಿನಲ್ಲಿ ಯಾರ ಹತ್ತಿರವಾದರೂ "ನಾನು ಹತ್ತು ವರ್ಷ ಕರ್ನಲ್ ಕೆಲಸ ಮಾಡಿದ್ದೇನೆ" ಅಂತ ಹೇಳಿ ನೋಡಿ. ಎದುರಿಗಿದ್ದವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ. ಯಾವ ರೆಜಿಮೆಂಟು, ಎಲ್ಲಿ ಪೋಸ್ಟಿಂಗು, ಇಷ್ಟು ಬೇಗ ಯಾಕೆ ರಿಟೈರ್ ಆದಿರಿ ಅಂತೆಲ್ಲ ಕೇಳುತ್ತಾರೆ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆ ಇದು, ಇಲ್ಲಿ ಕರ್ನಲ್ ಅಂದರೆ ಒಂದೇ ಅರ್ಥ. ನಮ್ಮ ತೋಟದ ಬೇಲಿ ದಾಟಿದರೆ ಒಬ್ಬರು ನಿಜವಾದ ಕರ್ನಲ್ ಇದ್ದಾರೆ, ಸೇನೆಯಿಂದ ನಿವೃತ್ತರು. ನಂದು ಕಂಪ್ಯೂಟರ್ ಒಳಗಿರುವ ಕರ್ನಲ್, ಅದು ಬೇರೆ ಅಂತ ಅವರಿಗೆ ವಿವರಿಸಿದಾಗ ಪೂರ್ತಿ ಕೇಳಿಸಿಕೊಂಡು, "ಅದಕ್ಕೂ ಪಿಂಚಣಿ ಇದೆಯಾ?" ಅಂದರು.

ಇಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಕನ್ನಡದಲ್ಲಿ ತಿರುಳು ಅನ್ನಬಹುದು, ಆದರೆ ಯಾರೂ ಅನ್ನುವುದಿಲ್ಲ. ಆಪರೇಟಿಂಗ್ ಸಿಸ್ಟಮ್‌ನ ಒಳಗಿನ ಗಟ್ಟಿ ಭಾಗ ಅದು. ಮೆಮೊರಿ ಯಾರಿಗೆ ಎಷ್ಟು, ಪ್ರೊಸೆಸರ್ ಈ ಕ್ಷಣ ಯಾರದು, ಡಿಸ್ಕಿಗೆ ಯಾರು ಬರೆಯಬಹುದು, ಇದನ್ನೆಲ್ಲ ಹಂಚಿ ಕೊಡುವುದು ಅದರ ಕೆಲಸ. ಪ್ರೊಸೆಸರ್‌ನಲ್ಲೇ ಎರಡು ಸ್ಥಿತಿ ಇರುತ್ತದೆ. ಕರ್ನಲ್ ಓಡುವಾಗ ಎಲ್ಲದಕ್ಕೂ ಪರವಾನಗಿ. ಉಳಿದ ಪ್ರೋಗ್ರಾಂಗಳು ಓಡುವಾಗ ಏನು ಬೇಕಾದರೂ ಕರ್ನಲ್‌ನ ಬಾಗಿಲು ತಟ್ಟಿ ಕೇಳಬೇಕು. ನಿಮ್ಮ ಬ್ರೌಸರ್, ಆಟ, ನಾನು ಇದನ್ನು ಟೈಪ್ ಮಾಡುತ್ತಿರುವ ಕನ್ನಡ ಕೀಲಿಮಣೆ, ಎಲ್ಲವೂ ಹೊರಗಿನವು. ಹೊರಗಿನದು ಯಾವುದಾದರೂ ತನ್ನದಲ್ಲದ ಮೆಮೊರಿಗೆ ಕೈ ಹಾಕಿದರೆ ಕರ್ನಲ್ ಹಿಡಿದು ಅದೊಂದನ್ನು ಮಾತ್ರ ಸಾಯಿಸುತ್ತದೆ. ಒಳಗಿನವನೇ ಕೈ ಹಾಕಿದರೆ? ಹಿಡಿಯುವುದಕ್ಕೆ ಅದರ ಮೇಲೆ ಇನ್ನೊಬ್ಬ ಇಲ್ಲ. ಪೂರ್ತಿ ಯಂತ್ರವೇ ಮಲಗುತ್ತದೆ.

ಇದು ನನಗೆ ಪಾಠವಾಗಿ ಗೊತ್ತಿತ್ತು. ಬೆಂಗಳೂರಿನ ಒಂದು ಕಂಪನಿಯಲ್ಲಿ, ಕಂಪ್ಯೂಟರಿಗೆ ಜೋಡಿಸಿದ ಸಾಧನಗಳನ್ನು ನಡೆಸುವ ಡ್ರೈವರ್‌ಗಳನ್ನು ಬರೆಯುತ್ತಿದ್ದವನು ನಾನು, 2020ರಲ್ಲಿ ಸುಂಟಿಕೊಪ್ಪದ ಮನೆಗೆ ವಾಪಸ್ ಬಂದೆ. ಹೊಸಬರಿಗೆ ಇದನ್ನೇ ಹೇಳಿಕೊಡುತ್ತಿದ್ದೆ. ಆದರೂ ಮಳೆ ಲೆಕ್ಕ ಮಾಡುವ ಒಂದು ಸಣ್ಣ ಡಬ್ಬಿ ಮಾಡುವಾಗ ಅದನ್ನೆಲ್ಲ ಮರೆತೆ.

ನಮ್ಮ ಕಡೆ ಮಳೆ ಅಳೆಯುವುದು ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಹವಾಮಾನ ಇಲಾಖೆ ಮಿಲಿಮೀಟರ್ ಅಂದರೂ ತೋಟದವರು ಕೇಳುವುದಿಲ್ಲ. "ನಿಮಗೆಷ್ಟು?" "ಎಪ್ಪತ್ತು ಸೆಂಟು." "ನಮಗೆ ಬರೀ ಮೂವತ್ತು ಮಾರಾಯ್ರೆ." ಫೆಬ್ರವರಿ, ಮಾರ್ಚ್‌ನಲ್ಲಿ ಫೋನಿನಲ್ಲಿ ಬೇರೆ ಮಾತೇ ಇರುವುದಿಲ್ಲ. ರೊಬಸ್ಟಾ ಕಾಫಿಗೆ ಆ ಹೊತ್ತಿಗೆ ಒಂದು ಒಳ್ಳೆ ಹೂಮಳೆ ಬೇಕು. ಹನಿ ಹನಿ ಬಿದ್ದು ನಿಂತರೆ ಮೊಗ್ಗು ಅರ್ಧಕ್ಕೇ ಕೆಡುತ್ತದೆ. ಚೆನ್ನಾಗಿ ಬಿದ್ದರೆ ಒಂದು ವಾರ, ಹತ್ತು ದಿನದಲ್ಲಿ ತೋಟ ಪೂರ್ತಿ ಬಿಳಿ. ಆಮೇಲೆ ಎರಡು ಮೂರು ವಾರಕ್ಕೆ ಬ್ಯಾಕಿಂಗ್ ಶವರ್, ಅಂದರೆ ಹೂವಾದ ಮೇಲಿನ ಎರಡನೇ ಮಳೆ ಬೇಕು, ಅದು ಬೇರೆ ಚಿಂತೆ. ಮಳೆ ಬರದಿದ್ದರೆ ಕೆರೆಯಿಂದ ಪಂಪ್ ಹಾಕಿ ಸ್ಪ್ರಿಂಕ್ಲರ್. ಹಾಗಾಗಿ ಎಷ್ಟು ಬಿತ್ತು ಅನ್ನುವುದು ಸುಮ್ನೆ ಕುತೂಹಲದ ಪ್ರಶ್ನೆ ಅಲ್ಲ. ಅಪ್ಪ ಮೂವತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಬೆಳಿಗ್ಗೆ ಎಂಟಕ್ಕೆ ಅಂಗಳದ ಮಳೆಮಾಪಕದ ನೀರನ್ನು ಅಳತೆ ಗ್ಲಾಸಿಗೆ ಸುರಿದು, ಕಣ್ಣು ಕಿರಿದು ಮಾಡಿ ನೋಡಿ, ಡೈರಿಯಲ್ಲಿ ಬರೆಯುತ್ತಾರೆ.

ನಾನು ಮಾಡಿದ್ದು ಇದರ ಎಲೆಕ್ಟ್ರಾನಿಕ್ ತಮ್ಮ. ಒಳಗೆ ಒಂದು ಪುಟ್ಟ ತೂಗುಬಟ್ಟಲು. 0.2 ಮಿಲಿಮೀಟರ್ ಮಳೆ ತುಂಬಿದಾಗ ಒಂದು ಸಲ ಮಗುಚುತ್ತದೆ, ಮಗುಚಿದಾಗ ತಂತಿಯಲ್ಲಿ ಒಂದು ಮಿಡಿತ. ಆ ತಂತಿ ಒಂದು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿಗೆ. ಅದೇ ಪೈಗೆ ಒಂದು ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್ಚು, ರಿಲೇಯಿಂದ ಸ್ಪ್ರಿಂಕ್ಲರ್ ಪಂಪ್. ಗಂಟೆಗೊಮ್ಮೆ ಲೆಕ್ಕ ನೋಡು, ಐವತ್ತು ಸೆಂಟು ದಾಟಿದ್ದರೆ ಪಂಪ್ ನಿಲ್ಲಿಸು. ಇಷ್ಟೇ.

ಇದಕ್ಕೆ ನಾನು ಕರ್ನಲ್ ಮಾಡ್ಯೂಲ್ ಬರೆದೆ. ಮಾಡ್ಯೂಲ್ ಅಂದರೆ ಓಡುತ್ತಿರುವ ಕರ್ನಲ್ ಒಳಗೆ ಸೇರಿಸುವ ತುಂಡು. ಸೇರಿದ ಮೇಲೆ ಅದೂ ಕರ್ನಲ್ಲೇ, ಅದಕ್ಕೂ ಎಲ್ಲ ಪರವಾನಗಿ. ಮೊದಲ ದಿನ ಅದು ಮಿಡಿತ ಎಣಿಸುತ್ತಿತ್ತು, ನಲವತ್ತು ಸಾಲು. ಎಣಿಸುತ್ತಲೇ ಇದೆಯಲ್ಲ, ಗಂಟೆವಾರು ಲೆಕ್ಕವೂ ಅಲ್ಲೇ ಇರಲಿ ಅನ್ನಿಸಿತು. ಆಮೇಲೆ ಮಳೆಯ ಬಿರುಸು ಎಷ್ಟು ಅಂತ ತಿಳಿಯಲು ಪ್ರತಿ ಮಗುಚುವಿಕೆಯ ಸಮಯವೂ ಬೇಕಾಯಿತು. ಆಮೇಲೆ ಸೆಂಟಿಗೆ ಪರಿವರ್ತನೆ. ಇಲ್ಲಿ ಒಂದು ಎಚ್ಚರಿಕೆಯ ಗಂಟೆ ಬಾರಿಸಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. ಪೈನಲ್ಲಿ ಓಡುವ ಲಿನಕ್ಸ್ ಅನ್ನುವ ಕರ್ನಲ್ ಒಳಗೆ ದಶಮಾಂಶದ ಲೆಕ್ಕ ಸುಲಭಕ್ಕೆ ಮಾಡುವ ಹಾಗಿಲ್ಲ, ಪೂರ್ಣಾಂಕದಲ್ಲೇ ಒದ್ದಾಡಬೇಕು. ಒಂದು ಸೆಂಟು ಅಂದರೆ 0.254 ಮಿಲಿಮೀಟರ್. ಹಾಗಾಗಿ ಇನ್ನೂರರಿಂದ ಗುಣಿಸಿ ಇನ್ನೂರ ಐವತ್ತನಾಲ್ಕರಿಂದ ಭಾಗಿಸುವ ಒಂದು ಕಸರತ್ತು ಮಾಡಿ, ಆಹಾ ಎಷ್ಟು ಜಾಣ ನಾನು ಅಂದುಕೊಂಡೆ. ಮಳೆಯನ್ನು ಇಂಚಿನಲ್ಲಿ ಹೇಳುವುದೋ ಮಿಲಿಮೀಟರಿನಲ್ಲಿ ಹೇಳುವುದೋ ಅನ್ನುವುದು ಅಪ್ಪನಿಗೂ ಹವಾಮಾನ ಇಲಾಖೆಗೂ ಇರುವ ವಿಷಯ, ಅದರಲ್ಲಿ ಕರ್ನಲ್‌ಗೆ ಏನು ಕೆಲಸ ಅಂತ ಆಗ ಹೊಳೆಯಲೇ ಇಲ್ಲ.

ಸಮಯಗಳನ್ನು ಇಡಲು 128 ಮನೆಗಳ ಒಂದು ಪಟ್ಟಿ ಮಾಡಿದ್ದೆ. ಗಂಟೆಗೊಮ್ಮೆ ಒಂದು ಟೈಮರ್ ಅದನ್ನು ಖಾಲಿ ಮಾಡುತ್ತಿತ್ತು. 128 ಸಲ ಅಂದರೆ 25.6 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಇಂಚು. ಒಂದು ಗಂಟೆಯಲ್ಲಿ ಅದಕ್ಕಿಂತ ಜಾಸ್ತಿ ಎಲ್ಲಿ ಬೀಳುತ್ತೆ ಬಿಡು ಅಂತ ಬರೆದವನು ಕೊಡಗಿನಲ್ಲೇ ಹುಟ್ಟಿ ಬೆಳೆದವನು. ಹೇಳಿಕೊಳ್ಳೋಕೆ ನಾಚಿಕೆಯಾಗುತ್ತದೆ.

ಮಾರ್ಚ್ ತಿಂಗಳ ಒಂದು ಸಂಜೆ. ಪಂಪ್ ಹಾಕಿ ಎರಡು ದಿನವಾಗಿತ್ತು, ಕೆರೆ ಅರ್ಧ ಇಳಿದಿತ್ತು. ಐದು ಗಂಟೆಗೆ ಮಡಿಕೇರಿ ಕಡೆಯಿಂದ ಕಪ್ಪಗೆ ಮೋಡ ಬಂತು, ಗುಡುಗು, ಗಾಳಿ, ಆಮೇಲೆ ಧೋ ಅಂತ ಮಳೆ. ಮನೆಯಲ್ಲಿ ಎಲ್ಲರಿಗೂ ಖುಷಿ. ಅಪರೂಪಕ್ಕೆ ಅವತ್ತು ಕರೆಂಟು ಹೋಗಲಿಲ್ಲ. ಹೋಗಿದ್ದರೆ ಚೆನ್ನಾಗಿತ್ತು. ಗಂಟೆ ತುಂಬುವ ಮೊದಲೇ ಬಟ್ಟಲು 129ನೇ ಸಲ ಮಗುಚಿತು. ಇಲ್ಲದ 129ನೇ ಮನೆಗೆ ನನ್ನ ಮಾಡ್ಯೂಲ್ ಸಮಯ ಬರೆಯಿತು. ಮಾಡ್ಯೂಲ್ ಬರೆದದ್ದು ಸಿ ಭಾಷೆಯಲ್ಲಿ, ಅದು ಯಾಕೆ ಅಂತ ಕೇಳುವುದಿಲ್ಲ, ಬರೆ ಅಂದರೆ ಬರೆಯುತ್ತದೆ. ಮೆಮೊರಿಯಲ್ಲಿ ಪಕ್ಕದಲ್ಲಿದ್ದದ್ದು ಆ ಟೈಮರ್. ಅದರ ಕೊಂಡಿಗಳ ಮೇಲೆ ಕಸ ಬಿತ್ತು. ಮುಂದಿನ ಸಲ ಕರ್ನಲ್ ಟೈಮರ್‌ಗಳ ಸಾಲನ್ನು ನೋಡಲು ಹೋದಾಗ ಆ ಕೊಂಡಿ ಹಿಡಿದು ಎಲ್ಲೋ ಹೋಗಿ ಬಿತ್ತು. ಪೈ ಹೆಪ್ಪುಗಟ್ಟಿತು. ರಿಲೇಯ ತಂತಿ ಮಾತ್ರ ಕೊನೆಯ ಸಲ ಹೇಗಿತ್ತೋ ಹಾಗೇ ನಿಂತಿತು. ಅಂದರೆ ಪಂಪ್ ಆನ್.

ಬೆಳಿಗ್ಗೆ ಅಪ್ಪನ ಡೈರಿಯಲ್ಲಿ 1 ಇಂಚು 42 ಸೆಂಟು. ನನ್ನ ಡಬ್ಬಿಯಲ್ಲಿ ಏನೂ ಇಲ್ಲ. ಮಳೆಯಲ್ಲೇ ರಾತ್ರಿಯೆಲ್ಲ ಸ್ಪ್ರಿಂಕ್ಲರ್ ತಿರುಗಿತ್ತು, ಕೆರೆಯ ತಳದಲ್ಲಿ ಕೆಸರು ಕಾಣುತ್ತಿತ್ತು. ಅಪ್ಪ ಬೈಯಲಿಲ್ಲ. ಅದೇ ಕಷ್ಟ.

ಈ ಸುದ್ದಿ ಬೇಲಿ ದಾಟಿ ಕರ್ನಲ್‌ಗೂ ಹೋಯಿತು. ಸಂಜೆ ಕಾಫಿಗೆ ಬಂದವರಿಗೆ ಒಳಗೆ, ಹೊರಗೆ ಅಂತ ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಇದೇ ಕೆಲಸ ಹೊರಗೆ ಕೂತು ಮಾಡೋಕಾಗ್ತಿರಲಿಲ್ವಾ?" ಆಗುತ್ತಿತ್ತು. "ಮತ್ತೆ ಒಳಗೆ ಯಾಕೆ ಹೋದೆ?"

ವೇಗಕ್ಕೆ ಅಂತ ಬಾಯಿಗೆ ಬಂತು. ಕರ್ನಲ್ ಒಳಗೆ ಏನನ್ನಾದರೂ ತುರುಕುವವರು ಮೊದಲು ಹೇಳುವುದೇ ಅದು. ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ದಾಟುವುದಕ್ಕೆ ಖರ್ಚಿದೆ, ನಿಜ. ಆದರೆ ನನ್ನ ಬಟ್ಟಲು ಅಂತಹ ಭಾರಿ ಮಳೆಯಲ್ಲೂ ಮಗುಚುತ್ತಿದ್ದದ್ದು ಇಪ್ಪತ್ತೆಂಟು ಸೆಕೆಂಡಿಗೆ ಒಂದು ಸಲ. ಆ ಪ್ರೊಸೆಸರ್ ಒಂದು ಸೆಕೆಂಡಿಗೆ 150 ಕೋಟಿ ಸಲ ಮಿಡಿಯುತ್ತದೆ. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅಲ್ವಾ ಇದು. ನಿಜವಾದ ಕಾರಣ ಬೇರೆ. ತೋಟಕ್ಕೆ ಬಂದು ಕೂತವನಿಗೆ ನಾನಿನ್ನೂ ಕರ್ನಲ್ ಬರೆಯುವವನು ಅಂತ ತೋರಿಸಿಕೊಳ್ಳಬೇಕಿತ್ತು, ನನಗೇ. ನಮ್ಮ ವೃತ್ತಿಯಲ್ಲಿ ಒಳಗೆ ಬರೆಯುವವನಿಗೆ ಒಂದು ತೂಕ. ಅದಕ್ಕಾಗಿ ಒಳಗೆ ಹೋದ ಕೋಡ್ ಎಷ್ಟಿದೆಯೋ ಏನೋ, ಯಾರೂ ಒಪ್ಪಿಕೊಳ್ಳುವುದಿಲ್ಲ.

ಕರ್ನಲ್ ಸಾಹೇಬರ ಪ್ರಶ್ನೆಯನ್ನು ಅವರಿಗಿಂತ ಮೊದಲು ಕೇಳಿದವರು ಜರ್ಮನಿಯ ಯೋಹೆನ್ ಲೀಡ್ಟ್ಕೆ. 1995ರ ಒಂದು ಪ್ರಬಂಧದಲ್ಲಿ ಅವರು ಒಂದು ನಿಯಮ ಹಾಕಿದರು. ಯಾವುದಾದರೂ ಒಂದು ವಿಷಯವನ್ನು ಕರ್ನಲ್ ಹೊರಗೆ ಇಟ್ಟರೆ ಆ ವ್ಯವಸ್ಥೆ ಮಾಡಲೇಬೇಕಾದ ಕೆಲಸವೇ ಆಗುವುದಿಲ್ಲ ಅಂತಿದ್ದರೆ ಮಾತ್ರ ಅದನ್ನು ಒಳಗೆ ಸಹಿಸಿಕೊಳ್ಳಬೇಕು. ಸಹಿಸಿಕೊಳ್ಳಬೇಕು ಅನ್ನುವ ಮಾತನ್ನು ಗಮನಿಸಿ. ಸ್ವಾಗತಿಸಬೇಕು ಅಂತ ಅಲ್ಲ. ಮುಖ್ಯವೋ ಅಲ್ಲವೋ, ವೇಗವೋ ನಿಧಾನವೋ ಅಂತ ಅವರು ಕೇಳಲೇ ಇಲ್ಲ.

ಅವರು ಅದನ್ನು ಹೇಳಿದ ಹೊತ್ತು ಕೂಡ ಮಜವಾಗಿದೆ. 1980ರ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಮಾಕ್ ಅನ್ನುವ ಮೈಕ್ರೋಕರ್ನಲ್ ಮಾಡಿದ್ದರು. ಕರ್ನಲ್ ಚಿಕ್ಕದಿರಲಿ, ಫೈಲ್ ವ್ಯವಸ್ಥೆಯಂಥದ್ದೆಲ್ಲ ಹೊರಗೆ ಬೇರೆ ಬೇರೆ ಪ್ರೋಗ್ರಾಂ ಆಗಿರಲಿ, ಒಬ್ಬರಿಗೊಬ್ಬರು ಸಂದೇಶ ಕಳಿಸಿಕೊಳ್ಳಲಿ ಅನ್ನುವ ಯೋಚನೆ. ಸೊಗಸಾಗಿತ್ತು, ಆದರೆ ನಿಧಾನ. ಸಂದೇಶ ಕಳಿಸುವುದರಲ್ಲೇ ಹೊತ್ತು ಹೋಗುತ್ತಿತ್ತು. ಮೈಕ್ರೋಕರ್ನಲ್ ಅಂದರೇ ನಿಧಾನ ಅಂತ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಲೀಡ್ಟ್ಕೆ ಪಟ್ಟು ಹಿಡಿದು ಮೊದಲಿನಿಂದ ಬರೆದರು. ಒಂದೇ ಬಗೆಯ 486 ಯಂತ್ರದಲ್ಲಿ ಮಾಕ್‌ಗೆ 115 ಮೈಕ್ರೋಸೆಕೆಂಡ್ ಹಿಡಿಯುತ್ತಿದ್ದ ಸಣ್ಣ ಸಂದೇಶ ಅವರ ಕರ್ನಲ್‌ನಲ್ಲಿ ಸುಮಾರು 5ಕ್ಕೆ ಮುಗಿಯಿತು. ದಾಟುವುದು ತಪ್ಪಲ್ಲ, ದಾಟುವ ಸೇತುವೆ ಕೆಟ್ಟದಾಗಿ ಕಟ್ಟಿದ್ದರು, ಅಷ್ಟೇ. ಅವರದೇ ವಂಶದ ಸೆಲ್‌4 ಅನ್ನುವ ಕರ್ನಲ್‌ಗೆ 2009ರಲ್ಲಿ ಆಸ್ಟ್ರೇಲಿಯಾದವರು, ಅದು ಹೇಳಿದ ಹಾಗೇ ನಡೆಯುತ್ತದೆ ಅನ್ನುವುದಕ್ಕೆ ಗಣಿತದ ಪುರಾವೆಯನ್ನೇ ಬರೆದರು. ಆಗ ಕರ್ನಲ್ ಇದ್ದದ್ದು ಸುಮಾರು 8,700 ಸಾಲು, ಪುರಾವೆ ಸುಮಾರು 2 ಲಕ್ಷ ಸಾಲು. ಒಳಗೆ ಇಡುವ ಒಂದೊಂದು ಸಾಲಿಗೂ ಲೆಕ್ಕ ಕೊಡಬೇಕು ಅಂತಾದರೆ ಎಷ್ಟು ಬೆಲೆ ಬೀಳುತ್ತದೆ ಅಂತ ಇದರಲ್ಲಿ ಕಾಣುತ್ತದೆ.

ಲಿನಕ್ಸ್ ಈ ದಾರಿ ಹಿಡಿಯಲಿಲ್ಲ. 1992ರ ಜನವರಿಯಲ್ಲಿ, ಮಿನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಬರೆದಿದ್ದ ಆಂಡ್ರ್ಯೂ ಟನೆನ್‌ಬಾಮ್, ಲಿನಕ್ಸ್ ಹಳೆಯ ಕಾಲದ್ದು, ಎಲ್ಲ ಒಂದೇ ಗಂಟಿನಲ್ಲಿ ಕಟ್ಟಿದ್ದು ಅಂತ ಸಾರ್ವಜನಿಕವಾಗಿಯೇ ಹೇಳಿದರು. ಲಿನಕ್ಸ್ ಬರೆದ ಲಿನಸ್ ಟೊರ್ವಾಲ್ಡ್ಸ್ ಅಷ್ಟೇ ಖಾರವಾಗಿ ಉತ್ತರ ಕೊಟ್ಟರು. ಆ ಜಗಳವನ್ನು ನಮ್ಮ ಪಂಗಡದವರು ಇವತ್ತಿಗೂ ಚಪ್ಪರಿಸುತ್ತಾರೆ, ನಾನು ಅದನ್ನು ಇಲ್ಲಿ ಪೂರ್ತಿ ಬಡಿಸಲ್ಲ. 1991ರಲ್ಲಿ ಸುಮಾರು ಹತ್ತು ಸಾವಿರ ಸಾಲು ಇದ್ದ ಲಿನಕ್ಸ್ ಇವತ್ತು ಮೂರು ಕೋಟಿ ಸಾಲು ದಾಟಿದೆ, ಅರ್ಧಕ್ಕಿಂತ ಜಾಸ್ತಿ ಡ್ರೈವರ್‌ಗಳೇ. ಆದರೂ ಅದು ಬದುಕಿದೆ, ನನ್ನ ಪೈನಲ್ಲೂ ನಿಮ್ಮ ಆಂಡ್ರಾಯ್ಡ್ ಫೋನಿನಲ್ಲೂ ಓಡುತ್ತಿದೆ. ಹಾಗಾಗಿ ಚಿಕ್ಕದೇ ಸರಿ, ದೊಡ್ಡದೇ ತಪ್ಪು ಅಂತ ಹೇಳುವ ಧೈರ್ಯ ನನಗಿಲ್ಲ.

ಆದರೆ ಒಳಗೆ ಹೋಗಿ ಬೆಪ್ಪಾಗಿ ವಾಪಸ್ ಬಂದವುಗಳ ಕಥೆ ಹೇಳಬಲ್ಲೆ. ಲಿನಕ್ಸ್ 2.4ನೇ ಆವೃತ್ತಿಯಲ್ಲಿ ಕರ್ನಲ್ ಒಳಗೇ ಒಂದು ವೆಬ್ ಸರ್ವರ್ ಇತ್ತು ಅಂದರೆ ನಂಬುತ್ತೀರಾ? ಪುಟಗಳನ್ನು ಬೇಗ ಕಳಿಸೋಕೆ ಅಂತ. ವೇಗವಾಗಿತ್ತು ಕೂಡ. ಆಮೇಲೆ ಜನರಿಗೆ ಹೊಳೆದದ್ದು, ವೇಗ ಬರಲು ಸರ್ವರ್ ಪೂರ್ತಿ ಒಳಗೆ ಬರಬೇಕಿಲ್ಲ, ಫೈಲನ್ನು ನೇರ ನೆಟ್‌ವರ್ಕಿಗೆ ಕಳಿಸುವ, ಸಾವಿರಾರು ಸಂಪರ್ಕಗಳಲ್ಲಿ ಯಾವುದಕ್ಕೆ ಈಗ ಕೆಲಸವಿದೆ ಅಂತ ಒಟ್ಟಿಗೆ ತಿಳಿಸುವ ಎರಡು ಸಣ್ಣ ಸೌಲಭ್ಯಗಳನ್ನು ಕರ್ನಲ್ ಕೊಟ್ಟರೆ ಸಾಕು. ಸರ್ವರ್ ಹೊರಗೆ ಹೋಯಿತು. ಸೌಲಭ್ಯಗಳು ಉಳಿದವು, ಇವತ್ತು ಎಲ್ಲರೂ ಬಳಸುತ್ತಾರೆ.

ವಿಂಡೋಸ್ ಎನ್‌ಟಿಯಲ್ಲಿ ಇದರ ಉಲ್ಟಾ. 1993ರಲ್ಲಿ ಬಂದಾಗ ಚಿತ್ರ, ಕಿಟಕಿ ಬಿಡಿಸುವ ಭಾಗ ಹೊರಗಿತ್ತು. 1996ರ 4.0ರಲ್ಲಿ ವೇಗಕ್ಕೆ ಅಂತ ಒಳಗೆ ತಂದರು. ಜೊತೆಗೆ ಫಾಂಟ್ ಓದುವ ಕೋಡ್ ಕೂಡ ಒಳಗೇ ಇತ್ತು. ಫಾಂಟ್ ಅಂದರೆ ಯಾರೋ ಎಲ್ಲಿಂದಲೋ ಕಳಿಸಿದ ಫೈಲು. 2011ರಲ್ಲಿ ಡುಕು ಅನ್ನುವ ಕುತಂತ್ರಾಂಶ ಒಂದು ವರ್ಡ್ ದಾಖಲೆಯಲ್ಲಿ ಕಿಡಿಗೇಡಿ ಫಾಂಟ್ ಅಡಗಿಸಿ ನೇರವಾಗಿ ಕರ್ನಲ್‌ಗೇ ಕನ್ನ ಹಾಕಿತು. ಒಂದು ಅಕ್ಷರದ ಬಳುಕು ಓದುವಾಗ ಆದ ತಪ್ಪಿಗೆ ಪೂರ್ತಿ ಯಂತ್ರದ ಕೀಲಿ ಕೊಟ್ಟ ಹಾಗೆ. ವಿಂಡೋಸ್ 10ರ ಹೊತ್ತಿಗೆ ಫಾಂಟ್ ಓದುವ ಕೆಲಸವನ್ನು ಮತ್ತೆ ಹೊರಗೆ ಹಾಕಿದರು.

ಅಕ್ಷರ ಅಂದಾಗ ನೆನಪಾಯಿತು, ಇದು ಕನ್ನಡದವರು ಹೇಳಿಕೊಳ್ಳುವ ದುಃಖ. ಲಿನಕ್ಸ್‌ನಲ್ಲಿ ಕಿಟಕಿ, ಚಿತ್ರ ಏನೂ ಇಲ್ಲದ ಕಪ್ಪು ಪರದೆ ಬರುತ್ತದಲ್ಲ, ಆ ಅಕ್ಷರಗಳನ್ನು ಬಿಡಿಸುವುದು ಸ್ವತಃ ಕರ್ನಲ್. ಅಲ್ಲಿ ಕನ್ನಡ ಬರುವುದಿಲ್ಲ. ಒಂದು ಫಾಂಟಿಗೆ ಹೆಚ್ಚೆಂದರೆ 512 ಆಕಾರ, ಒಂದು ಚೌಕಕ್ಕೆ ಒಂದು ಆಕಾರ. ನಮ್ಮ ಒತ್ತಕ್ಷರ, ಕೊಂಬು, ದೀರ್ಘ ಯಾವುದೂ ಆ ಚೌಕದಲ್ಲಿ ಕೂರುವುದಿಲ್ಲ. ಕಾಲೇಜಿನಲ್ಲಿದ್ದಾಗ ಇದನ್ನು ಸರಿಮಾಡಬೇಕು, ಕರ್ನಲ್‌ಗೆ ಕನ್ನಡ ಕಲಿಸಬೇಕು ಅಂತ ನಾನೂ ಒಬ್ಬ ಗೆಳೆಯನೂ ಶಪಥ ಮಾಡಿದ್ದೆವು. ಈಗ ಕೇಳಿದರೆ ಬೇಡ ಅನ್ನುತ್ತೇನೆ. ಕ ಕೆಳಗೆ ಷ ಬಂದರೆ ಏನು, ರ ಮೊದಲು ಬಂದರೆ ಅರ್ಕಾವೊತ್ತು ಎಲ್ಲಿ ಕೂರಬೇಕು ಅಂತ ಲೆಕ್ಕ ಹಾಕುವ ಎಂಜಿನ್ನನ್ನು ಕರ್ನಲ್ ಒಳಗೆ ಇಡುವುದು ಅಂದರೆ ಆ ಡುಕು ಬಂದ ದಾರಿಯನ್ನೇ ಅಗಲ ಮಾಡಿದ ಹಾಗೆ. ಕೀಲಿ ಒತ್ತಿದ್ದು ಯಾವುದು ಅಂತ ಕರ್ನಲ್ ಹೇಳಲಿ, ಅದು ಕ ಅಂತ ತೀರ್ಮಾನಿಸುವುದು, ಕ ಬಿಡಿಸುವುದು ಹೊರಗಿನವರ ಕೆಲಸ. ಕನ್ನಡಕ್ಕೆ ಮರ್ಯಾದೆ ಕಮ್ಮಿ ಅಂತಲ್ಲ. ಇಂಗ್ಲಿಷನ್ನೂ ಹೊರಗೆ ಹಾಕಬೇಕಿತ್ತು, ಅದು ಮೊದಲೇ ಬಂದು ಕೂತಿದೆ.

ಹಾಗಂತ ಎಲ್ಲವನ್ನೂ ಹೊರಗೆ ತಳ್ಳಿದರೆ ಮುಗಿಯಿತಾ? ಇಲ್ಲ. ಮೊದಲು ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನ ಪರದೆ ಅಳತೆ ಹೊಂದಿಸುವುದು ಎಕ್ಸ್ ಸರ್ವರ್ ಅನ್ನುವ ಹೊರಗಿನ ಪ್ರೋಗ್ರಾಮಿನ ಕೆಲಸವಾಗಿತ್ತು. ಆ ಕಪ್ಪು ಪರದೆಗೆ ಅದೇ ಕಾರ್ಡನ್ನು ಕರ್ನಲ್ ಕೂಡ ಮುಟ್ಟುತ್ತಿತ್ತು. ಇಬ್ಬರು ಯಜಮಾನರು. ಒಂದರಿಂದ ಇನ್ನೊಂದಕ್ಕೆ ಹೋದರೆ ಪರದೆ ಮಿಟುಕುತ್ತಿತ್ತು, ಲ್ಯಾಪ್‌ಟಾಪ್ ಮಲಗಿಸಿ ಎಬ್ಬಿಸಿದರೆ ಕಪ್ಪಗೇ ಇರುತ್ತಿತ್ತು, ಕರ್ನಲ್ ಸಾಯುವಾಗ ಕೊನೆ ಮಾತು ಹೇಳೋಣ ಅಂದರೂ ಪರದೆ ಯಾವ ಸ್ಥಿತಿಯಲ್ಲಿದೆ ಅಂತ ಅದಕ್ಕೇ ಗೊತ್ತಿರಲಿಲ್ಲ. 2009ರಲ್ಲಿ 2.6.29ರಿಂದ, ಮೊದಲು ಇಂಟೆಲ್ ಕಾರ್ಡುಗಳಿಗೆ, ಆ ಕೆಲಸವನ್ನು ಒಳಗೆ ತಂದರು. ಅದು ಸರಿಯಾದ ನಿರ್ಧಾರ.

ನಮ್ಮ ಕೆರೆಯ ನೀರು ಕೆಳಗಿನ ಗದ್ದೆಯವರಿಗೂ ಹೋಗುತ್ತದೆ. ತೂಬು ಒಂದೇ. ನಮ್ಮ ಕಡೆಯವನೊಬ್ಬ, ಅವರ ಕಡೆಯವನೊಬ್ಬ ತಮಗೆ ಬೇಕಾದಾಗ ಎತ್ತಿ ಇಳಿಸಿದರೆ ಜಗಳ ಖಂಡಿತ. ತೂಬಿನ ಕೀಲಿ ಒಬ್ಬರ ಹತ್ತಿರ ಇರಲೇಬೇಕು. ಆದರೆ ಆ ನೀರಲ್ಲಿ ಏನು ಬೆಳೆಯಬೇಕು ಅಂತ ಕೀಲಿ ಇಟ್ಟವನು ಹೇಳುವ ಹಾಗಿಲ್ಲ. ನನಗೆ ಕರ್ನಲ್ ಒಳಗೆ ಏನಿರಬೇಕು ಅಂತ ಯಾರಾದರೂ ಕೇಳಿದರೆ ಈಗ ತೂಬಿನ ಕಡೆ ಕೈ ತೋರಿಸುತ್ತೇನೆ. ಒಬ್ಬರನ್ನೊಬ್ಬರು ನಂಬದ ಇಬ್ಬರು ಒಂದೇ ವಸ್ತುವನ್ನು ಹಂಚಿಕೊಳ್ಳಬೇಕಾದ ಕಡೆ ಕರ್ನಲ್ ಬೇಕು. ನನ್ನ ಮಳೆ ಲೆಕ್ಕಕ್ಕೆ ಪಾಲುದಾರರೇ ಇರಲಿಲ್ಲ.

ಇದೂ ಪೂರ್ತಿ ಸತ್ಯ ಅಲ್ಲ ಬಿಡಿ. ವಿಂಡೋಸಿನ ಎನ್‌ಟಿಎಫ್‌ಎಸ್ ಡಿಸ್ಕನ್ನು ಲಿನಕ್ಸ್‌ನಲ್ಲಿ ಓದಿ ಬರೆಯುವ ಪ್ರೋಗ್ರಾಂ ಬಹಳ ವರ್ಷ ಹೊರಗೇ ಇತ್ತು, ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೂ 2021ರಲ್ಲಿ ಕರ್ನಲ್ ಒಳಗೇ ಹೊಸದೊಂದು ಬಂತು, ಮುಖ್ಯವಾಗಿ ವೇಗಕ್ಕೆ. ಲೀಡ್ಟ್ಕೆ ನಿಯಮ ಹಾಕಿದರೆ ಅದು ಬಾಗಿಲಲ್ಲೇ ನಿಲ್ಲಬೇಕಿತ್ತು. ದೊಡ್ಡ ಡಿಸ್ಕಿನಿಂದ ಮದುವೆ ವಿಡಿಯೋ ನಕಲು ಮಾಡಲು ಕಾಯುತ್ತಾ ಕೂತವನಿಗೆ ನಿಯಮ ಹೇಳಿ ಪ್ರಯೋಜನವಿಲ್ಲ, ನಾನೂ ಅದನ್ನೇ ಬಳಸುತ್ತೇನೆ.

ಒಳಗೆ ಬಿಡುವ ಮೊದಲು ನೂರು ಸಲ ಯೋಚಿಸಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ, ಅದು ನನಗೆ ಅರ್ಥವಾದದ್ದು ಕಂಪನಿಯಲ್ಲಲ್ಲ, ತೋಟದಲ್ಲಿ. ನೆರಳಿಗೆ ಅಂತ ಬೇಗ ಬೆಳೆಯುವ ಸಿಲ್ವರ್ ಓಕ್ ನೆಡುತ್ತೇವೆ. ಸುಮ್ನೆ ನಿಂತಿದೆಯಲ್ಲ ಅಂತ ಬುಡಕ್ಕೆ ಕಾಳುಮೆಣಸು ಹಬ್ಬಿಸುತ್ತೇವೆ. ಹತ್ತು ವರ್ಷ ಆದ ಮೇಲೆ ಈ ಮರ ಇಲ್ಲಿ ಬೇಡವಾಗಿತ್ತು ಅನ್ನಿಸುತ್ತದೆ. ಕಡಿಯೋಣ ಅಂತ ಹೋದರೆ ಮೇಲಿನವರೆಗೂ ಬಳ್ಳಿ, ಗೊನೆ ಗೊನೆ ಮೆಣಸು. ಕತ್ತಿ ಎತ್ತಲು ಕೈ ಬರುವುದಿಲ್ಲ. ಲಿನಕ್ಸ್‌ನಲ್ಲಿ ಟೊರ್ವಾಲ್ಡ್ಸ್ ಬಿಡದೆ ಪಾಲಿಸುವ ಒಂದು ನಿಯಮವಿದೆ, ನಿನ್ನೆ ಓಡುತ್ತಿದ್ದ ಹೊರಗಿನ ಪ್ರೋಗ್ರಾಂ ಕರ್ನಲ್ ಬದಲಾಯಿತು ಅಂತ ಇವತ್ತು ಮುರಿಯಬಾರದು. ಒಳ್ಳೆಯ ನಿಯಮ. ಆದರೆ ಅದರಿಂದಾಗಿ ಕರ್ನಲ್ ಹೊರಕ್ಕೆ ಚಾಚಿದ ಪ್ರತಿ ಕೈಗೂ ಯಾರದ್ದೋ ಬಳ್ಳಿ ಹಬ್ಬಿರುತ್ತದೆ. ಯಾರದು ಅಂತ ಗೊತ್ತೂ ಇರಲ್ಲ. ರೈಸರ್‌ಎಫ್‌ಎಸ್ ಅನ್ನುವ ಫೈಲ್ ವ್ಯವಸ್ಥೆ 2001ರಲ್ಲಿ ಒಳಗೆ ಬಂತು. ಹೆಚ್ಚುಕಡಿಮೆ ಯಾರೂ ಬಳಸುತ್ತಿಲ್ಲ, ನೋಡಿಕೊಳ್ಳುವವರೂ ಇಲ್ಲ ಅಂತಾದ ಮೇಲೆ 2022ರಲ್ಲಿ ತೆಗೆಯುತ್ತೇವೆ ಅಂತ ಸಾರಿದರು. ನಿಜವಾಗಿ ಹೊರಗೆ ಹೋದದ್ದು 2025ರಲ್ಲಿ.

2024ರ ಜುಲೈ 19 ನಿಮಗೂ ನೆನಪಿರಬಹುದು. ಶುಕ್ರವಾರ. ಇಲ್ಲಿ ಎಂದಿನ ಮಳೆ. ಬೆಂಗಳೂರಿನಿಂದ ದೆಹಲಿಗೆ ಹೊರಟಿದ್ದ ತಂಗಿ ವಿಮಾನ ನಿಲ್ದಾಣದಿಂದ ಫೋನ್ ಮಾಡಿ, ಪರದೆಗಳೆಲ್ಲ ನೀಲಿ, ಕ್ಯೂ ರಸ್ತೆಯವರೆಗೂ ಇದೆ ಅಂದಳು. ಒಂದು ಭದ್ರತಾ ಕಂಪನಿಯ ಅಪ್‌ಡೇಟಿನಿಂದ ಪ್ರಪಂಚದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು. ಅವರ ಕೋಡಿನ ಒಂದು ಭಾಗ ಕರ್ನಲ್ ಒಳಗಿತ್ತು. ಆಮೇಲೆ ಕಾರಣ ಹೊರಬಂತು. ಒಳಗಿನ ಕೋಡ್ 20 ಅಂಶಗಳ ಪಟ್ಟಿ ಇಟ್ಟುಕೊಂಡಿತ್ತು, ಹೊಸ ಫೈಲು 21ನೆಯದನ್ನು ನೋಡು ಅಂದಿತು, ಅದು ಹೋಗಿ ಇಲ್ಲದ ಜಾಗವನ್ನು ಓದಿತು. ಅದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅವರದು 21ನೆಯದು, ನನ್ನದು 129ನೆಯದು. ನನ್ನ ತಪ್ಪಿಗೆ ಒಂದು ಕೆರೆ ಖಾಲಿಯಾಗಿತ್ತು ಅಷ್ಟೇ. ಸಮಾಧಾನ ಆಯಿತು ಅಂತ ಸುಳ್ಳು ಹೇಳಲ್ಲ, ಆದರೆ ಅಪ್ಪನಿಗೆ ಪತ್ರಿಕೆ ತೋರಿಸಿದೆ ಅನ್ನುವುದು ನಿಜ.

ಭದ್ರತೆಯ ಕೋಡ್ ಒಳಗೆ ಯಾಕಿತ್ತು ಅಂದರೆ ಅವರಿಗೆ ನನಗಿಂತ ಒಳ್ಳೆಯ ಕಾರಣವಿತ್ತು. ಕಳ್ಳನಿಗಿಂತ ಮೊದಲು ಎದ್ದಿರಬೇಕು, ಕಳ್ಳ ತಮ್ಮನ್ನೇ ಆಫ್ ಮಾಡಿಬಿಡದಂತೆ ಗಟ್ಟಿ ಜಾಗದಲ್ಲಿ ಕೂತಿರಬೇಕು. ಆದರೆ ಕಾವಲಿಗೆ ಒಳಗೆ ಬೇಕಾದದ್ದು ಕಣ್ಣು ಮಾತ್ರ, ತಲೆ ಹೊರಗೆ ಇರಬಹುದು. ಆಪಲ್ 2019ರಲ್ಲಿ ಮ್ಯಾಕ್‌ನಲ್ಲಿ ಹೊರಗಿನ ಕಂಪನಿಗಳನ್ನು ಕರ್ನಲ್‌ನಿಂದ ನಿಧಾನಕ್ಕೆ ಆಚೆ ಕಳಿಸಲು ಶುರು ಮಾಡಿತು, ಏನಾಗುತ್ತಿದೆ ಅಂತ ನಾವೇ ಹೇಳುತ್ತೇವೆ, ನೀವು ಹೊರಗೆ ಕೂತು ತೀರ್ಮಾನ ಮಾಡಿ ಅಂತ. ಲಿನಕ್ಸ್‌ನಲ್ಲಿ 2014ರಿಂದ ಇನ್ನೊಂದು ಉಪಾಯ ಬೆಳೆದಿದೆ, ಇಬಿಪಿಎಫ್ ಅಂತ. ಹೊರಗಿನವರು ಒಂದು ಸಣ್ಣ ಪ್ರೋಗ್ರಾಂ ಕೊಡುತ್ತಾರೆ. ಒಳಗೆ ಬಿಡುವ ಮೊದಲು ಕರ್ನಲ್ ಅದನ್ನು ಕೇರಳ ಗಡಿಯ ಮಾಕುಟ್ಟ ಚೆಕ್‌ಪೋಸ್ಟಿನ ಹಾಗೆ ಡಿಕ್ಕಿ ತೆಗೆಸಿ ನೋಡುತ್ತದೆ. ಕೊನೆಯಿಲ್ಲದೆ ಸುತ್ತುತ್ತದಾ? ತನ್ನದಲ್ಲದ ಜಾಗಕ್ಕೆ ಕೈ ಹಾಕುತ್ತದಾ? ಅನುಮಾನ ಬಂದರೆ ವಾಪಸ್. ನನ್ನ 129ನೇ ಮನೆ ಅಲ್ಲೇ ಸಿಕ್ಕಿಬೀಳುತ್ತಿತ್ತು, ಮಳೆ ಬರುವವರೆಗೆ ಕಾಯಬೇಕಿರಲಿಲ್ಲ. ಒಂದೇ ತೊಡಕು, ತಪಾಸಣೆ ಮಾಡುವವನೂ ಕರ್ನಲ್ ಒಳಗಿನ ಕೋಡೇ, ಅವನೂ ದಪ್ಪಗಾಗುತ್ತಿದ್ದಾನೆ, ಅವನಲ್ಲೂ ತಪ್ಪುಗಳು ಸಿಕ್ಕಿವೆ.

ನನ್ನ ಡಬ್ಬಿಗೆ ಅದೂ ಬೇಕಾಗಲಿಲ್ಲ. ಮಾಡ್ಯೂಲನ್ನು ಅಳಿಸಿದ ಮೇಲೆ ಹುಡುಕಿ ನೋಡಿದರೆ, ತಂತಿಯಲ್ಲಿ ಮಿಡಿತ ಬಂದರೆ ಅದರ ಕರಾರುವಾಕ್ಕಾದ ಸಮಯವನ್ನೂ ಸೇರಿಸಿ ಹೊರಗಿನವರಿಗೆ ತಿಳಿಸುವ ವ್ಯವಸ್ಥೆ ಲಿನಕ್ಸ್‌ನಲ್ಲಿ 2016ರಿಂದಲೇ ಇತ್ತು. ಮಿಡಿತ ಬಂದ ಕ್ಷಣವನ್ನು ಗುರುತು ಹಾಕುವುದು ಮಾತ್ರ ಒಳಗೆ ಆಗಬೇಕಾದ ಕೆಲಸ, ಅದನ್ನು ಯಾರೋ ಪುಣ್ಯಾತ್ಮರು ನನಗಿಂತ ಚೆನ್ನಾಗಿ ಮಾಡಿಟ್ಟಿದ್ದರು. ಉಳಿದದ್ದು ಹೊರಗೆ, ಪೈಥಾನ್ ಭಾಷೆಯಲ್ಲಿ ಅರವತ್ತು ಸಾಲು. ದಶಮಾಂಶ ಧಾರಾಳ. ಪಟ್ಟಿ ಎಷ್ಟು ಬೇಕಾದರೂ ಉದ್ದ. ಪಂಪಿಗೆ ಬೇರೆ ಪ್ರೋಗ್ರಾಂ, ಮಳೆ ಎಣಿಸುವವನು ಎರಡು ನಿಮಿಷ ಉಸಿರೆತ್ತದಿದ್ದರೆ ಅದು ತಾನಾಗಿ ಪಂಪ್ ನಿಲ್ಲಿಸುತ್ತದೆ. ಕರ್ನಲ್ ಸಾಹೇಬರಿಗೆ ಇದನ್ನು ತೋರಿಸಿದಾಗ ಅವರು ರಿಲೇ ಕಡೆ ನೋಡಿ, ಪೈಯೇ ಸತ್ತರೆ ಅಂತ ಕೇಳಿದರು. ಅದಕ್ಕೆ ಮೂವತ್ತು ರೂಪಾಯಿಯ ಯಾವ ಉಪಾಯವೂ ಸಿಗಲಿಲ್ಲ, ಕೊನೆಗೆ ಪಂಪಿನ ಪೆಟ್ಟಿಗೆಯಲ್ಲಿ ನಾಲ್ಕು ಗಂಟೆ ಹೊತ್ತು ಓಡಿದ ಮೇಲೆ ತಾನೇ ಬಂದ್ ಆಗುವ ಒಂದು ಹಳೇ ಕಾಲದ ಟೈಮರ್ ಸ್ವಿಚ್ ಹಾಕಿಸಿದೆ. ಅದರಲ್ಲಿ ಒಂದು ಸಾಲು ಕೋಡ್ ಇಲ್ಲ.

ಈ ವರ್ಷದ ಹೂಮಳೆ ರಾತ್ರಿ ಬಂತು. ಬೆಳಿಗ್ಗೆ ಎದ್ದು ಫೋನಿನಲ್ಲಿ ನೋಡಿದೆ, 1 ಇಂಚು 16 ಸೆಂಟು, ಗಂಟೆವಾರು ಗೆರೆಯ ಜೊತೆ. ಎಂಟು ಗಂಟೆಗೆ ಅಪ್ಪ ಗ್ಲಾಸ್ ತೆಗೆದುಕೊಂಡು ಅಂಗಳಕ್ಕೆ ಹೋದರು. 1 ಇಂಚು 19. ನನ್ನದರಲ್ಲಿ ಬಟ್ಟಲು ಮಗುಚುವಾಗ ಒಂದೆರಡು ಹನಿ ಆಚೆ ಹೋಗುತ್ತೆ, ಜೋರು ಮಳೆಯಲ್ಲಿ ಸ್ವಲ್ಪ ಕಮ್ಮಿ ತೋರಿಸುವುದು ಸಹಜ ಅಂತ ಹೇಳಲು ಶುರು ಮಾಡಿದೆ. ಅವರು ತಲೆಯಾಡಿಸುತ್ತಲೇ ಡೈರಿ ತೆಗೆದು ತಮ್ಮದನ್ನು ಬರೆದುಕೊಂಡರು.